ಅಪ್ಪ ಅಮ್ಮ ಶಹರದಲ್ಲಿ, ಮಕ್ಕಳು ಅಜ್ಜಿ ಮನೆಯಲ್ಲಿ: ಚೀನಾದಲ್ಲಿ ಹೀಗಾದದ್ದು ಹೇಗೆ?

ಹಳ್ಳಿಯಿಂದ ಬೀಜಿಂಗ್‌ಗೆ ಗಾರೆ ಕೆಲಸಕ್ಕೆ ಬಂದವನೊಬ್ಬ ತನ್ನ ಮಗಳನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಲು ಹೊರಟ ಅಂತಿಟ್ಟುಕೊಳ್ಳಿ. ಬಹಳ ವರ್ಷ ಅದಕ್ಕೆ ಐದು ಕಾಗದ ತೋರಿಸಬೇಕಿತ್ತು. ಕುಟುಂಬದ ನೋಂದಣಿ ಪುಸ್ತಕ, ತಾತ್ಕಾಲಿಕ ವಾಸದ ಪರವಾನಗಿ, ಮನೆ ಬಾಡಿಗೆಯ ಕರಾರು, ಕೆಲಸದ ಪತ್ರ. ಐದನೆಯದು ಎಲ್ಲಕ್ಕಿಂತ ವಿಚಿತ್ರ. ಊರಲ್ಲಿ ಈ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಅಂತ ಊರಿನ ಸರ್ಕಾರಿ ಕಚೇರಿ ಬರೆದುಕೊಟ್ಟ ಪತ್ರ. ಅಜ್ಜಿ ಗಟ್ಟಿಮುಟ್ಟಾಗಿದ್ದರೆ ಅದು ಸಿಗುವುದು ಹೇಗೆ? ದಿನಗೂಲಿಯವನಿಗೆ ಕೆಲಸದ ಪತ್ರ ಕೊಡುವವರಾದರೂ ಯಾರು? ಇಂಥ ಲೆಕ್ಕಾಚಾರದಲ್ಲೇ ಎಷ್ಟೋ ಮಕ್ಕಳು ಊರಲ್ಲಿ ಉಳಿದುಬಿಟ್ಟರು.

ಬಡತನ, ಅದಕ್ಕೇ ಬಿಟ್ಟು ಹೋದರು ಎಂದು ಸುಮ್ನೆ ಹೇಳಿಬಿಡಬಹುದು. ಬಡತನ ಇದ್ದದ್ದು ನಿಜ. ಆದರೆ ಸಂಸಾರವನ್ನು ಎರಡು ಪಾಲು ಮಾಡಿದ್ದು ಬಡತನ ಒಂದೇ ಅಲ್ಲ. ಅದರಲ್ಲಿ ಕಾನೂನಿನ ಪಾತ್ರ ದೊಡ್ಡದು.

ಆ ಕಾನೂನು ಬಂದದ್ದು 1958ರಲ್ಲಿ. ಹುಕೋವು ಎಂಬ ನೋಂದಣಿ ಪದ್ಧತಿ ಪ್ರತಿಯೊಬ್ಬರನ್ನೂ ಹಳ್ಳಿಯವರು, ಪಟ್ಟಣದವರು ಎಂದು ಬೇರೆ ಮಾಡಿತು. ಪಡಿತರ, ಮನೆ, ಶಾಲೆ, ಆಸ್ಪತ್ರೆ ಎಲ್ಲವೂ ಅದಕ್ಕೆ ಅಂಟಿಕೊಂಡವು. ಹಳ್ಳಿಯವರು ಹಳ್ಳಿಯಲ್ಲೇ ಇರಬೇಕು, ಧಾನ್ಯ ಬೆಳೆದು ಪಟ್ಟಣಕ್ಕೆ ಕೊಡಬೇಕು ಅನ್ನುವುದು ಆಗಿನ ಸರ್ಕಾರದ ಲೆಕ್ಕ. 1978ರ ನಂತರ ಆರ್ಥಿಕ ಸುಧಾರಣೆ ಶುರುವಾಯಿತು. 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಆಯಿತು. ಕರಾವಳಿಯ ಕಾರ್ಖಾನೆಗಳು ಜನ ಬೇಕು ಅಂದವು. 1984ರಲ್ಲಿ ರೈತರು ತಮ್ಮ ಅನ್ನದ ದಾರಿ ತಾವೇ ನೋಡಿಕೊಂಡು ಸಣ್ಣ ಪಟ್ಟಣಗಳಿಗೆ ಹೋಗಬಹುದು ಎಂದು ಬಾಗಿಲು ತುಸು ತೆರೆಯಿತು. 90ರ ದಶಕಕ್ಕೆ ಅದು ಪ್ರವಾಹವಾಯಿತು. ನಗರಗಳಿಗೆ ಬೇಕಿದ್ದದ್ದು ದುಡಿಯುವ ಕೈ, ಆ ಕೈ ಹಿಡಿದುಕೊಂಡು ಬರುವ ಮಕ್ಕಳಲ್ಲ. 1998ರ ತನಕ ಮಗುವಿನ ಹುಕೋವು ತಾಯಿಯದನ್ನೇ ಹಿಂಬಾಲಿಸುತ್ತಿತ್ತು. ಹಳ್ಳಿಯ ತಾಯಿ ನಗರದಲ್ಲೇ ಹೆತ್ತರೂ ಕಾಗದದಲ್ಲಿ ಮಗು ಹಳ್ಳಿಯದೇ.

ಊರಲ್ಲಿ ಉಳಿದ ಮಗುವಿಗೆ ಇನ್ನೊಂದು ಪೆಟ್ಟು 2001ರಲ್ಲಿ ಬಿತ್ತು. ಸಣ್ಣ ಹಳ್ಳಿ ಶಾಲೆಗಳನ್ನು ಮುಚ್ಚಿ ಒಂದುಗೂಡಿಸುವ ನೀತಿ ಬಂತು. 2000ದಲ್ಲಿ ದೇಶದಲ್ಲಿ ಐದೂವರೆ ಲಕ್ಷ ಪ್ರಾಥಮಿಕ ಶಾಲೆಗಳಿದ್ದವು. ಹತ್ತೇ ವರ್ಷದಲ್ಲಿ ಅರ್ಧಕ್ಕೂ ಕಡಿಮೆಯಾದವು. ಆರೇಳು ವರ್ಷದ ಮಕ್ಕಳು ದೂರದ ಊರಿನ ಹಾಸ್ಟೆಲ್ ಸೇರಿದರು. ಅಪ್ಪ ಅಮ್ಮ ಮೊದಲೇ ದೂರ, ಈಗ ಅಜ್ಜಿಯೂ ವಾರಕ್ಕೊಮ್ಮೆ. 2012ರಲ್ಲಿ ಆ ನೀತಿಗೆ ತಡೆ ಬಿತ್ತು, ಆದರೆ ಮುಚ್ಚಿದ ಶಾಲೆ ಮತ್ತೆ ತೆರೆಯುವುದು ಅಷ್ಟು ಸುಲಭವೇ?

ಇಷ್ಟು ವರ್ಷ ಈ ಮಕ್ಕಳ ಬಗ್ಗೆ ಮಾತಾಡಿದವರು ಹೆಚ್ಚಾಗಿ ಸಂಶೋಧಕರು, ಅಲ್ಲೊಬ್ಬ ಇಲ್ಲೊಬ್ಬ ಪತ್ರಕರ್ತ. ಇಡೀ ದೇಶ ಬೆಚ್ಚಿಬಿದ್ದದ್ದು ಗುಯಿಜೌ ಪ್ರಾಂತ್ಯದ ಬಿಜಿಯೆ ಎಂಬಲ್ಲಿಂದ ಬಂದ ಸುದ್ದಿಗಳಿಗೆ. 2012ರ ನವೆಂಬರ್‌ನ ಚಳಿರಾತ್ರಿ ಐವರು ಹುಡುಗರು ಕಸದ ತೊಟ್ಟಿಯೊಳಗೆ ಬೆಂಕಿ ಹಾಕಿಕೊಂಡು ಮಲಗಿದರು. ವಿಷಾನಿಲಕ್ಕೆ ಸಿಕ್ಕಿ ಸತ್ತರು. 2015ರ ಜೂನ್‌ನಲ್ಲಿ ಅದೇ ಬಿಜಿಯೆಯ ಹಳ್ಳಿಯೊಂದರಲ್ಲಿ ಒಬ್ಬ ಅಣ್ಣ, ಮೂವರು ತಂಗಿಯರು ತಾವೇ ಪ್ರಾಣ ಕಳೆದುಕೊಂಡರು. ದೊಡ್ಡವನಿಗೆ 13 ವರ್ಷ, ಚಿಕ್ಕವಳಿಗೆ ಐದು. ಅಪ್ಪ ದುಡಿಯಲು ದೂರ ಹೋಗಿದ್ದ. ಹೊಡೆತ ಬಡಿತದ ಸಂಸಾರದಿಂದ ಅಮ್ಮ ಮೊದಲೇ ಹೊರಟುಹೋಗಿದ್ದಳು. ನೋಡಿಕೊಳ್ಳಲು ದೊಡ್ಡವರು ಯಾರೂ ಇರಲಿಲ್ಲ. ಸುಮಾರು ಒಂದು ತಿಂಗಳಿಂದ ಮಕ್ಕಳು ಶಾಲೆಗೂ ಹೋಗಿರಲಿಲ್ಲ.

ಪತ್ರಕರ್ತರು ಹೋಗಿ ನೋಡಿದರೆ, ಅದು ಗುಡಿಸಲಲ್ಲ. ಅಪ್ಪ ದುಡಿದ ದುಡ್ಡಲ್ಲಿ ಎಬ್ಬಿಸಿದ ಮೂರಂತಸ್ತಿನ ಮನೆ. ಬ್ಯಾಂಕಿನಲ್ಲಿ ಮೂರೂವರೆ ಸಾವಿರ ಯುವಾನ್ ಇತ್ತು, ಮನೆಯಲ್ಲಿ ಮೆಕ್ಕೆಜೋಳ ಇತ್ತು. ಈ ವಿಷಯದಲ್ಲಿ ನನ್ನ ತಲೆಯಿಂದ ಹೋಗದಿರುವುದು ಇದೇ. ದುಡ್ಡು ಕಳಿಸಿದರೆ ಮಕ್ಕಳು ಹೇಗೋ ಬೆಳೆದುಕೊಳ್ಳುತ್ತವೆ ಎಂಬ ನಂಬಿಕೆ ಆ ಮನೆಯಲ್ಲಿ ಪೂರ್ತಿ ಸೋತಿತ್ತು.

ಅದೇ ವರ್ಷ ಸ್ವಯಂಸೇವಾ ಸಂಸ್ಥೆಯೊಂದು ಇಂಥ ಮಕ್ಕಳ ಮನಸ್ಥಿತಿಯ ಬಗ್ಗೆ ವರದಿ ತಂದಿತು. ಸುಮಾರು 15 ಪ್ರತಿಶತ ಮಕ್ಕಳು ಇಡೀ ವರ್ಷ ಅಪ್ಪ ಅಮ್ಮನ ಮುಖ ಕಂಡಿರಲಿಲ್ಲ. ಸುಮಾರು 4 ಪ್ರತಿಶತ ಮಕ್ಕಳಿಗೆ ವರ್ಷದಲ್ಲಿ ಒಂದು ಫೋನ್ ಕರೆಯೂ ಬಂದಿರಲಿಲ್ಲ. ಉಳಿದ ಹೆಚ್ಚಿನವರಿಗೆ ಅಪ್ಪ ಅಮ್ಮ ಸಿಗುವುದು ಚೀನೀ ಹೊಸವರ್ಷದ ರಜೆಯಲ್ಲಿ. ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲದ ಆ ದಿನಗಳಲ್ಲಿ ಅಪ್ಪ ಅಮ್ಮ ಚೀಲ ಹೊತ್ತು ಬರುತ್ತಾರೆ. ಎಳೆಗೂಸಾಗಿದ್ದಾಗಲೇ ಬಿಟ್ಟುಹೋದ ಮಗು ಅಜ್ಜಿಯ ಹಿಂದೆ ಅವಿತುಕೊಳ್ಳುತ್ತದೆ. ಸಲಿಗೆ ಬೆಳೆಯುವಷ್ಟರಲ್ಲಿ ಅವರು ಹೊರಡುವ ದಿನ ಬಂದಿರುತ್ತದೆ. ಪ್ರತಿ ವರ್ಷ ಹೀಗೇ ಆದರೆ ಮಗು ಏನು ಮಾಡೀತು? ಹಚ್ಚಿಕೊಳ್ಳುವುದನ್ನೇ ಬಿಡುತ್ತದೆ. ಗಲಾಟೆ ಮಾಡದ, ಹೇಳಿದ ಮಾತು ಕೇಳುವ, ಸುಮ್ಮನಿರುವ ಮಗು ಎಂದು ದೊಡ್ಡವರು ಹೊಗಳುತ್ತಾರೆ. ಖಿನ್ನತೆ ಎಷ್ಟೋ ಸಲ ಈ ಸುಮ್ಮನಿರುವಿಕೆಯಲ್ಲೇ ಕೂತಿರುತ್ತದೆ.

2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 111 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ ಬಂತು. ಅದರಲ್ಲಿ 91 ಚೀನಾದವು. ಹೆತ್ತವರು ಜೊತೆಗಿರುವ ಮಕ್ಕಳಿಗೆ ಹೋಲಿಸಿದರೆ ಊರಲ್ಲಿ ಉಳಿದವರಲ್ಲಿ ಖಿನ್ನತೆಯ ಅಪಾಯ 52 ಪ್ರತಿಶತ ಜಾಸ್ತಿ, ಆತಂಕದ್ದು 85, ಸಾವಿನ ಯೋಚನೆ ಬರುವ ಅಪಾಯ 70. ಹಾಗಂತ ಈ ಮಕ್ಕಳೆಲ್ಲ ಕಾಯಿಲೆಯವರು ಅಂತಲ್ಲ, ಬಹಳ ಮಂದಿ ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ಹೆತ್ತವರು ವಲಸೆ ಹೋದದ್ದರಿಂದ ಮಕ್ಕಳ ಆರೋಗ್ಯಕ್ಕೆ ಲಾಭವಾಯಿತು ಎನ್ನುವುದಕ್ಕೆ ಆ ವಿಶ್ಲೇಷಣೆಯಲ್ಲಿ ಒಂದು ಪುರಾವೆಯೂ ಸಿಗಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 2016ರಲ್ಲಿ ಮೊದಲ ಸಲ ರಾಷ್ಟ್ರಮಟ್ಟದ ಮಾರ್ಗಸೂಚಿ ಬಂತು. ಮಕ್ಕಳನ್ನು ಒಂಟಿಯಾಗಿ ಬಿಡಕೂಡದು, ಸ್ಥಳೀಯ ಆಡಳಿತ ಪಟ್ಟಿ ಇಡಬೇಕು ಎಂದಿತು. ಜೊತೆಗೆ ಎಣಿಕೆಯೂ ಬದಲಾಯಿತು. ಹಳ್ಳಿಗಳಲ್ಲಿ ಉಳಿದ ಇಂಥ ಮಕ್ಕಳು 6.1 ಕೋಟಿ ಎಂದು 2013ರಲ್ಲಿ ಅಖಿಲ ಚೀನಾ ಮಹಿಳಾ ಒಕ್ಕೂಟ ಅಂದಾಜು ಮಾಡಿತ್ತು. 2016ರ ಲೆಕ್ಕದಲ್ಲಿ 90 ಲಕ್ಷಕ್ಕೆ ಇಳಿಯಿತು! ಮಕ್ಕಳು ಎಲ್ಲೂ ಮಾಯವಾಗಿರಲಿಲ್ಲ. ಮೊದಲು ಹೆತ್ತವರಲ್ಲಿ ಒಬ್ಬರು ಹೋಗಿದ್ದರೂ ಎಣಿಸುತ್ತಿದ್ದರು. ಈಗ ಇಬ್ಬರೂ ಹೊರಗಿದ್ದರೆ, ಅಥವಾ ಒಬ್ಬರು ಹೋಗಿ ಉಳಿದವರಿಗೆ ನೋಡಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಮಾತ್ರ ಲೆಕ್ಕ. ವಯಸ್ಸಿನ ಮಿತಿಯೂ 18ರಿಂದ 16ಕ್ಕೆ ಬಂತು. ತೀರಾ ಕಷ್ಟದಲ್ಲಿರುವವರನ್ನು ಮೊದಲು ಹಿಡಿಯಲು ಇದು ಸರಿಯೇ ಇರಬಹುದು. ಆದರೆ ಅಮ್ಮ ಒಬ್ಬಳೇ ಹೋದಾಗ ಮಗುವಿಗೆ ನೋವಾಗುವುದಿಲ್ಲವೇ? 2020ರ ಜನಗಣತಿ ಇಟ್ಟುಕೊಂಡು ಯುನಿಸೆಫ್ ಮತ್ತೆ ಅಗಲ ಅರ್ಥದಲ್ಲಿ, ಹಳ್ಳಿ ಪಟ್ಟಣ ಎರಡನ್ನೂ ಸೇರಿಸಿ ಎಣಿಸಿದಾಗ ಸಂಖ್ಯೆ 6.7 ಕೋಟಿ ಸುತ್ತ ಬಂತು.

ಈಗ ವಿಡಿಯೋ ಕರೆ ಇದೆ. ಮೊಬೈಲ್ ಅಮ್ಮನನ್ನು ತೋರಿಸುತ್ತದೆ, ಹುಡುಗನನ್ನು ರಾತ್ರಿಯೆಲ್ಲ ಆಟಕ್ಕೂ ಕೂರಿಸುತ್ತದೆ. ಅಪ್ರಾಪ್ತರಿಗೆ ಆನ್‌ಲೈನ್ ಆಟ ವಾರಕ್ಕೆ ಸುಮಾರು ಮೂರೇ ಗಂಟೆ ಎಂದು 2021ರಲ್ಲಿ ನಿಯಮ ಬಂದಾಗ ವಯಸ್ಸು ಮರೆಮಾಚಲು ಅಜ್ಜ ಅಜ್ಜಿಯ ಗುರುತಿನ ಚೀಟಿ ಉಪಯೋಗಕ್ಕೆ ಬಂತು.

ಇದು ಚೀನಾದ ಕಥೆ ಅಂತ ನಾವು ಪಕ್ಕಕ್ಕಿಡುವ ಹಾಗಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೋಗುವವರ ಮನೆಯಲ್ಲೂ ಮುದುಕರು ಮತ್ತು ಮಕ್ಕಳೇ ಉಳಿಯುತ್ತಾರೆ. ನಮ್ಮಲ್ಲಿ ಹುಕೋವು ಇಲ್ಲ. ದಾಖಲೆ ಇಲ್ಲವೆಂದು ಮಗುವನ್ನು ಶಾಲೆಯಿಂದ ವಾಪಸ್ ಕಳಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಗುವನ್ನು ಇಟ್ಟುಕೊಳ್ಳುವುದು ಹೇಗೆ ಅನ್ನುವುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಚೀನಾದಲ್ಲಿ ಹುಕೋವು ಒಂದಿಷ್ಟು ಸಡಿಲವಾಗಿದೆ. 30 ಲಕ್ಷಕ್ಕಿಂತ ಕಡಿಮೆ ಜನರ ನಗರಗಳಲ್ಲಿ ನೋಂದಣಿಯ ತಡೆ ತೆಗೆಯಿರಿ ಎಂದು 2019ರಲ್ಲಿ ಸರ್ಕಾರ ಹೇಳಿತು. 2024ರ ಜುಲೈನಲ್ಲಿ ಬಂದ ಐದು ವರ್ಷದ ಯೋಜನೆ ವಲಸಿಗರ ಮಕ್ಕಳ ಶಾಲೆಯ ಬಗ್ಗೆ ಮತ್ತೆ ಮಾತಾಡಿತು. ಬೀಜಿಂಗ್, ಶಾಂಘೈಗಳ ಬಾಗಿಲು ಮಾತ್ರ ಈಗಲೂ ಬಿಗಿ. ಅಲ್ಲಿ ಶಾಲೆ ಓದಿದರೂ ಹೆಚ್ಚಿನ ವಲಸಿಗರ ಮಕ್ಕಳು ಕಾಲೇಜು ಪ್ರವೇಶ ಪರೀಕ್ಷೆಗೆ ಊರಿಗೇ ಹೋಗಬೇಕು. ಪಠ್ಯ ಬೇರೆ, ಪೈಪೋಟಿ ಬೇರೆ. ಹಾಗಾಗಿ ಕಷ್ಟಪಟ್ಟು ಜೊತೆಗಿಟ್ಟುಕೊಂಡ ಮಗುವನ್ನೂ ಹೈಸ್ಕೂಲಿನ ಹೊತ್ತಿಗೆ ಊರಿಗೆ ಕಳಿಸುವವರಿದ್ದಾರೆ, 14ನೇ ವಯಸ್ಸಿನಲ್ಲಿ, ಅದಕ್ಕೆ ಸರಿಯಾಗಿ ನೆನಪೂ ಇಲ್ಲದ ಹಳ್ಳಿಗೆ.