ಕಾರ್ಖಾನೆಯ ಕ್ಯಾಲೆಂಡರ್ ನೋಡಿ ಕೆಲಸದ ಪಟ್ಟಿ ಮಾಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರಿಗೆ ಗಡುವನ್ನು ಬೇರೆ ಯಾರೂ ಹೇಳಬೇಕಿಲ್ಲ. ಹಂಗಾಮಿನ ಮೊದಲ ಟ್ರ್ಯಾಕ್ಟರ್ ವಾಹನ ತೂಗುವ ಕಾಟಾದ ಮೇಲೆ ಬಂದು ನಿಂತಾಗ ತೂಕದ ಚೀಟಿ ಹೊರಬರಲೇಬೇಕು. ಬರದಿದ್ದರೆ ಗೇಟಿನ ಹೊರಗೆ ಸಾಲು ಬೆಳೆಯುತ್ತದೆ, ಟ್ರೇಲರಿನಲ್ಲೇ ಕಬ್ಬು ಒಣಗುತ್ತದೆ, ಒಣಗಿದಷ್ಟೂ ರೈತನಿಗೆ ತೂಕದಲ್ಲಿ ನಷ್ಟ. ಇಷ್ಟಾದರೂ ನಾನು ನೋಡುವ ಬಹುಪಾಲು ತಂಡಗಳ ಕೆಲಸದ ಪಟ್ಟಿಯಲ್ಲಿ ಈ ದಿನಾಂಕವೇ ಇರುವುದಿಲ್ಲ. ‘ಅರ್ಜೆಂಟ್’, ‘ಭಾಳ ಅರ್ಜೆಂಟ್’, ‘ಎಂ.ಡಿ. ಸಾಹೇಬರು ಹೇಳಿದ್ದು’ ಎಂಬ ಗುರುತುಗಳಿರುತ್ತವೆ. ಮೂರು ವಾರ ಕಳೆಯುವಷ್ಟರಲ್ಲಿ ಎಲ್ಲಕ್ಕೂ ಅದೇ ಗುರುತು ಬಿದ್ದು, ಯಾವುದು ಮೊದಲು ಎಂಬುದು ಯಾರಿಗೂ ತಿಳಿಯದಂತಾಗುತ್ತದೆ.

ಪಟ್ಟಿಯ ಕ್ರಮ ಕಾರ್ಖಾನೆಯ ಕ್ಯಾಲೆಂಡರಿನಿಂದಲೇ ಬರಬೇಕು. ಕಟಾವು ಗ್ಯಾಂಗುಗಳಿಗೆ ಮುಂಗಡ ಕೊಡುವುದು ಹಂಗಾಮಿಗೆ ಬಹಳ ಮೊದಲು. ಹಾಗಾಗಿ ಮುಂಗಡದ ಎಂಟ್ರಿ ತೂಕದ ಚೀಟಿಗಿಂತ ಮುಂಚೆ ಸಿದ್ಧವಿರಬೇಕು. ರೈತರ ಬಿಲ್ಲಿಗೆ ಕಾನೂನೇ ದಿನ ಗೊತ್ತುಮಾಡಿದೆ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ಪರಿಶೀಲನೆಗೆ, ಬ್ಯಾಂಕಿಗೆ ಕಳಿಸುವುದಕ್ಕೆ ಬೇಕಾದ ದಿನ ಕಳೆದರೆ ಬಿಲ್ಲಿನ ಭಾಗಕ್ಕೆ ತೂಕ ಶುರುವಾದ ಮೇಲೆ ಸುಮಾರು ಒಂದು ವಾರ ಸಿಗುತ್ತದೆ. ಹಂಗಾಮಿನ ಕೊನೆಯ ವರದಿಗಳು ತಿಂಗಳುಗಟ್ಟಲೆ ಕಾಯಬಲ್ಲವು. ಪ್ರತಿ ಕೆಲಸದ ಮುಂದೆ ಅದು ಯಾವ ದಿನಕ್ಕೆ ಬೇಕು, ಆ ದಿನ ತಪ್ಪಿದರೆ ಯಾರಿಗೆ ತೊಂದರೆ ಎಂದು ಬರೆದರೆ ಸಾಕು, ಕ್ರಮದ ಬಗೆಗಿನ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನು ಕೆಲಸವನ್ನು ಒಡೆಯುವ ಮಾತು. ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

‘ಹೊಸ ಎಫ್‌ಆರ್‌ಪಿ ಹಾಕುವುದು’ ಎಂದು ಪಟ್ಟಿಯಲ್ಲಿ ಒಂದೇ ಸಾಲು ಇರುತ್ತದೆ. ಎಫ್‌ಆರ್‌ಪಿ ಎಂದರೆ ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ದರ. ಹುಡುಗರು ಅದನ್ನು ಒಂದು ಗಂಟೆಯ ಕೆಲಸ ಎಂದುಕೊಳ್ಳುತ್ತಾರೆ: 340 ಇದ್ದದ್ದನ್ನು 355 ಮಾಡಿದರಾಯಿತು. ಆದರೆ 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 355 ರೂಪಾಯಿ ಎಂದದ್ದು ಶೇ 10.25ರ ರಿಕವರಿಗೆ, ಅಂದರೆ ನೂರು ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ ಬಂದರೆ. ಅದಕ್ಕಿಂತ ಪ್ರತಿ 0.1 ಹೆಚ್ಚಿಗೆ 3.46 ರೂಪಾಯಿ ಕೂಡಬೇಕು, ಕಡಿಮೆಯಾದರೆ ಅಷ್ಟೇ ಕಳೆಯಬೇಕು. ಶೇ 9.5ಕ್ಕಿಂತ ಕೆಳಗಿಳಿದರೆ ಮಾತ್ರ ಇನ್ನಷ್ಟು ಕಳೆಯುವಂತಿಲ್ಲ, ದರ 329.05ಕ್ಕೆ ನಿಲ್ಲುತ್ತದೆ. ಹಿಂದಿನ ಹಂಗಾಮಿನ ಬಿಲ್ಲನ್ನು ಈಗ ಮತ್ತೆ ಮುದ್ರಿಸಿದರೆ ಹಳೆಯ ದರವೇ ಬರಬೇಕು. ಅಲ್ಲಿಗೆ ಆ ಒಂದು ಸಾಲಿನೊಳಗೆ ನಾಲ್ಕು ಕೆಲಸಗಳಾದವು: ಮೂಲ ದರ, ಏರಿಳಿತ, ಕನಿಷ್ಠ ಮಿತಿ, ಯಾವ ದಿನಾಂಕದಿಂದ ಯಾವ ದರ. ನಾಲ್ಕನ್ನೂ ಬೇರೆಬೇರೆ ಬರೆಯಿರಿ. ಪ್ರತಿಯೊಂದರ ಕೆಳಗೆ ತಾಳೆ ನೋಡುವ ಲೆಕ್ಕವನ್ನೂ ಕೊಡಿ: ರಿಕವರಿ 10.35 ಇದ್ದರೆ 358.46 ಬರಬೇಕು, 9.2 ಇದ್ದರೆ 329.05 ಬರಬೇಕು. ಈ ಲೆಕ್ಕವನ್ನು ಕೋಡ್ ಬರೆಯುವವರ ಬದಲು ಕಾರ್ಖಾನೆಯ ಕೇನ್ ಅಕೌಂಟ್ಸ್‌ನವರಿಂದಲೇ ಬರೆಸಿಕೊಳ್ಳಿ. ಅವರಿಗೆ ಅದು ಕೈಬೆರಳ ಮೇಲಿನ ಲೆಕ್ಕ, ಅದನ್ನು ಕೇಳಿದರೆ ಸಂತೋಷವನ್ನೂ ಪಡುತ್ತಾರೆ.

ಲೆಕ್ಕ ಹೀಗೆ ಜೊತೆಗಿದ್ದರೆ ‘ಮುಗದೈತ್ರಿ ಸರ’ ಎಂಬ ಉತ್ತರಕ್ಕೂ ಒಂದು ಖಚಿತ ಅರ್ಥ ಬರುತ್ತದೆ. ಬೆಳಗಾವಿಯ ಟಿಳಕವಾಡಿಯ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಓಡಿದರೆ ಮುಗಿದಂತಲ್ಲ. ಕಾಟಾ ಕೋಣೆಯ ಕಂಪ್ಯೂಟರಿನಲ್ಲಿ, ಅಲ್ಲಿಯ ಹಳೆಯ ಪ್ರಿಂಟರಿನಲ್ಲಿ, ರಾತ್ರಿ ಪಾಳಿಯ ಆಪರೇಟರೇ ಚೀಟಿ ತೆಗೆದ ಮೇಲೆ ಆ ಸಾಲನ್ನು ಹೊಡೆದುಹಾಕಬಹುದು.

ಪಟ್ಟಿ ಎಷ್ಟು ಉದ್ದವಿರಬೇಕು? ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸರಳ ನಿಯಮವೊಂದಿದೆ. ಸಾಲಿನಲ್ಲಿರುವ ಸರಾಸರಿ ಸಂಖ್ಯೆಯನ್ನು ಹೊರಹೋಗುವ ವೇಗದಿಂದ ಭಾಗಿಸಿದರೆ ಒಬ್ಬೊಬ್ಬರು ಸರಾಸರಿ ಎಷ್ಟು ಕಾಯುತ್ತಾರೆ ಎಂಬುದು ಸಿಗುತ್ತದೆ. ಬರುವ ವೇಗವೂ ಹೋಗುವ ವೇಗವೂ ಹೆಚ್ಚುಕಡಿಮೆ ಸಮನಾಗಿದ್ದರೆ ಕೆಲಸದ ಪಟ್ಟಿಗೂ ಇದೇ ಲೆಕ್ಕ. 60 ಕೆಲಸ ಬಾಕಿ ಇದ್ದು, ವಾರಕ್ಕೆ 5 ಮುಗಿಯುತ್ತಿದ್ದರೆ ಒಂದು ಕೆಲಸ ಸರಾಸರಿ 12 ವಾರ ಕಾಯುತ್ತದೆ. ‘ಬರುವ ವಾರ ಮಾಡಿಕೊಡ್ತೀವ್ರಿ’ ಎಂದು ಮಾತು ಕೊಡುವ ಮೊದಲು ಈ ಭಾಗಾಕಾರ ಮಾಡಿ ನೋಡಿ. ಕೆಲಸಕ್ಕೆ ಜನರನ್ನು ಸೇರಿಸುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು, ಆದರೆ ಪಟ್ಟಿಯಿಂದ ತೆಗೆಯುವುದು ನಮ್ಮ ಕೈಯಲ್ಲಿದೆ. ವಾರಕ್ಕೊಮ್ಮೆ ಕೂತು, ಈ ಹಂಗಾಮಿನಲ್ಲಿ ಮಾಡುವುದಿಲ್ಲ ಎಂದು ತೀರ್ಮಾನವಾದದ್ದನ್ನು ಕೇಳಿದವರಿಗೆ ನೇರವಾಗಿ ಹೇಳಿ ತೆಗೆಯಬೇಕು. ಹೇಳದೆ ತೆಗೆಯಬಾರದು, ಅದು ವಿಶ್ವಾಸದ ಪ್ರಶ್ನೆ. ಒಬ್ಬೊಬ್ಬರ ಕೈಯಲ್ಲೂ ಒಂದು ಹೊತ್ತಿಗೆ ಒಂದೇ ಕೆಲಸ ಇರಲಿ. ಕಾರ್ಖಾನೆಯವರ ಉತ್ತರಕ್ಕೆ ಕಾಯುವ ಕೆಲಸಗಳನ್ನು ಬೇರೆ ಇಟ್ಟು, ಯಾರನ್ನು ಕೇಳಬೇಕು, ಮತ್ತೆ ಯಾವತ್ತು ಕೇಳಬೇಕು ಎಂಬುದನ್ನೂ ಬರೆಯಿರಿ.

ಪಟ್ಟಿ ಜಿರಾ, ಟ್ರೆಲೋದಂಥ ಕೆಲಸದ ಪಟ್ಟಿಯ ಆ್ಯಪಿನಲ್ಲಿರಲಿ, ಎಕ್ಸೆಲ್ ಹಾಳೆಯಲ್ಲಿರಲಿ, ನನಗೆ ಅದು ದೊಡ್ಡ ವಿಷಯವಲ್ಲ. ಎರಡು ಕಡೆ ಇರಬಾರದು, ಅಷ್ಟೆ. ನಮ್ಮ ಕಡೆ ಅರ್ಧ ಕೆಲಸ ವಾಟ್ಸಾಪಿನ ವಾಯ್ಸ್ ಮೆಸೇಜಿನಲ್ಲೇ ಬರುತ್ತದೆ. ಅದನ್ನು ತಡೆಯಲು ಹೋಗಬೇಡಿ, ಫೀಲ್ಡ್‌ಮನ್‌ಗೆ ಹೊಲದಿಂದ ಮಾತಾಡಿ ಕಳಿಸುವುದೇ ಸುಲಭ. ಅದೇ ದಿನ ಅದನ್ನು ಬರವಣಿಗೆಗೆ ಇಳಿಸಿ ಪಟ್ಟಿಗೆ ಸೇರಿಸುವ ಹೊಣೆ ಒಬ್ಬರದ್ದಾಗಿರಲಿ. ಕ್ರಮ ಬದಲಿಸುವ ಅಧಿಕಾರವೂ ಅವರೊಬ್ಬರಿಗೇ ಇರಲಿ.

ನಡುವೆ ಎಲ್ಲವೂ ಬದಲಾಗುವ ದಿನಗಳೂ ಬರುತ್ತವೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿಗೆ ಹೆಚ್ಚಿನ ದರ ಕೇಳಿ ಹೋರಾಟಕ್ಕೆ ಕೂತರು. ಆಮೇಲೆ ರಾಜ್ಯ ಸರ್ಕಾರ ಕಟಾವು, ಸಾಗಣೆ ವೆಚ್ಚ ಬಿಟ್ಟು ಟನ್ನಿಗೆ 3,300 ರೂಪಾಯಿ ಪ್ರಕಟಿಸಿತು. ಬಿಲ್ಲಿನ ಲೆಕ್ಕಕ್ಕೆ ಇಂಥ ಹೊಸ ದರ ಬಂದಾಗ ಅದು ಪಟ್ಟಿಯ ಮೇಲ್ತುದಿಗೇ ಬರಬೇಕು, ಎರಡು ಮಾತಿಲ್ಲ. ಆದರೆ ಹೊಸದು ಮೇಲೆ ಬಂದಾಗ ಅಷ್ಟೇ ದಿನಗಳ ಯಾವ ಕೆಲಸ ಕೆಳಗಿಳಿಯಿತು ಎಂಬುದನ್ನು ಅವತ್ತೇ ಬರೆದು ಕಾರ್ಖಾನೆಗೆ ತಿಳಿಸಬೇಕು. ಇದನ್ನು ಮಾಡದ ತಂಡದ ಹುಡುಗರು ತಿಂಗಳುಗಟ್ಟಲೆ ರಾತ್ರಿ ಕೂತು ಅದರ ಬೆಲೆ ಕಟ್ಟುತ್ತಾರೆ.

ಕೊನೆಯ ಕಬ್ಬು ನುರಿದ ಮೇಲೆ ಎರಡು ದಿನ ಬಿಡುವು ಮಾಡಿಕೊಂಡು ಕೇನ್ ಆಫೀಸಿನಲ್ಲಿ ಕೂತು ಬನ್ನಿ. ಕ್ಲಾರ್ಕುಗಳ ಮೇಜಿನ ಮೇಲೆ ಕೈಯಿಂದ ಬರೆದ ವಹಿಗಳು ಇರುತ್ತವೆ. ನಮ್ಮ ಸಾಫ್ಟ್‌ವೇರ್ ಇದ್ದರೂ ಅವರು ಯಾವುದನ್ನು ಕೈಯಲ್ಲೇ ಬರೆದಿಟ್ಟರು, ಏಕೆ ಬರೆದಿಟ್ಟರು ಎಂದು ಕೇಳಿ ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಮುಂದಿನ ಹಂಗಾಮಿನ ಪಟ್ಟಿ ಅಲ್ಲಿಂದ ಶುರುವಾಗಲಿ.