ಇಸೆಗೆ ಹೋದರೆ ಕಂಬದ ಬುಡ ನೋಡಿ

ಜಪಾನಿನ ಇಸೆಯಲ್ಲಿ ಸೂರ್ಯದೇವತೆ ಅಮತೆರಾಸುವಿನ ಗುಡಿ ನೋಡಲು ಹೋದವರಿಗೆ ಗುಡಿಯೇ ಸರಿಯಾಗಿ ಕಾಣುವುದಿಲ್ಲ. ಸುತ್ತ ನಾಲ್ಕು ಸಾಲು ಮರದ ಬೇಲಿ. ಅದರಾಚೆ ಹುಲ್ಲಿನ ಮಾಡಿನ ನೆತ್ತಿ, ಅದರ ಮೇಲೆ ಅಡ್ಡ ಮಲಗಿಸಿದ ಹತ್ತು ದಿಮ್ಮಿ, ಅಷ್ಟೆ. ಕಲ್ಲುಮೆಟ್ಟಿಲು ಹತ್ತಿದ ಮೇಲೆ ಫೋಟೊ ತೆಗೆಯುವಂತಿಲ್ಲ. ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ ಕೈಮುಗಿದ ಮೇಲೆ ಅದೇ ಆವರಣದ ಅರಮತ್ಸುರಿನೊಮಿಯ ಎಂಬ ಇನ್ನೊಂದು ಗುಡಿಯ ದಾರಿ ಹಿಡಿಯಿರಿ. ನಡುವೆ ಮಿಶಿನೆನೊಮಿಕುರ ಎಂಬ ಭತ್ತದ ಕಣಜ ಸಿಗುತ್ತದೆ. ಚಿಕ್ಕದಾದರೂ ಮುಖ್ಯ ಗುಡಿಯಂತೆಯೇ ಶಿನ್ಮೆಯಿ ಎಂಬ ಶೈಲಿಯ ಕಟ್ಟಡ, ಹತ್ತಿರದಿಂದ ನೋಡಬಹುದು.

ಮೊದಲು ಕಂಬದ ಬುಡ ನೋಡಿ. ಅಡಿಗಲ್ಲಿಲ್ಲ. ಹಿನೊಕಿ ಮರದ ಕಂಬ ನೇರ ಮಣ್ಣಿಗೇ ಇಳಿದಿದೆ, ಬಣ್ಣವೂ ಬಳಿದಿಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಕಂಬದ ಮೇಲ್ಭಾಗದಲ್ಲಿ ಗಾಳಿಯಿದೆ, ತೇವ ಸಾಲದು. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯದು. ಮಣ್ಣಿನ ಆಳದಲ್ಲಿ ತೇವವಿದೆ, ಗಾಳಿ ಕಡಿಮೆ. ಎರಡೂ ಒಟ್ಟಿಗೆ ಸಿಗುವುದು ನೆಲಮಟ್ಟದ ಆಸುಪಾಸಿನಲ್ಲಿ. ಕಂಬ ಕೊಳೆಯುವುದೇ ಅಲ್ಲಿ.

ಹಿನೊಕಿ ಅಲ್ಪಾಯುಷಿ ಮರವೆಂದು ತಿಳಿಯಬೇಡಿ. ಕಲ್ಲಿನ ಮೇಲೆ ನಿಲ್ಲಿಸಿದ ಹೊರ್ಯುಜಿ ಬೌದ್ಧ ದೇವಾಲಯದ ಹಿನೊಕಿ ಕಂಬಗಳು ಸುಮಾರು 1,300 ವರ್ಷಗಳಿಂದ ಭಾರ ಹೊತ್ತಿವೆ. ಗಾಳಿ ತಾಗದಿದ್ದರೆ ಮರ ಮಣ್ಣಿನಲ್ಲೂ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ಇಜುಮೊ ದೇವಾಲಯದ್ದು, ಅಲ್ಲಿನ ಮರ ಹಿನೊಕಿಯಲ್ಲ, ಸುಗಿ. 2000ನೇ ಇಸವಿಯಲ್ಲಿ ಅದರ ಆವರಣ ಅಗೆದಾಗ, ಮೂರು ದಿಮ್ಮಿ ಸೇರಿಸಿ ಮಾಡಿದ 13ನೇ ಶತಮಾನದ ದೈತ್ಯ ಕಂಬಗಳ ಬುಡ ಸಿಕ್ಕವು. ಅಂತರ್ಜಲದಲ್ಲಿ ಗಾಳಿ ತಾಗದೆ ಉಳಿದಿದ್ದವು.

ಇಸೆಯವರು ಅಡಿಗಲ್ಲಿಗೆ ಬದಲಾಗಲಿಲ್ಲ. 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಇಡೀ ಗುಡಿಯನ್ನು ಹೊಸದಾಗಿ ಕಟ್ಟುತ್ತಾರೆ. ಮೊದಲನೆಯದು 690ರಲ್ಲಿ, 62ನೆಯದು 2013ರಲ್ಲಿ. ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿತ್ತು. ಬುಡ ಹಾಳಾಗುವುದೊಂದೇ ಇದಕ್ಕೆ ಕಾರಣವಲ್ಲ. ಶುದ್ಧಿಯ ನಂಬಿಕೆಯಿದೆ, ಬಡಗಿಗಳ ಕೈಕಸುಬು ಮುಂದಿನವರಿಗೆ ದಾಟಬೇಕೆಂಬುದೂ ಇದೆ. ಪ್ರತಿ ಸಲ ಸುಮಾರು 10,000 ದಿಮ್ಮಿ ಬೇಕು. ಸೀಳು ಬಿಡದಿರಲೆಂದು ಅವನ್ನು ವರ್ಷಗಟ್ಟಲೆ ಕೊಳದಲ್ಲಿ ನೆನೆಹಾಕುತ್ತಾರೆ. 1923ರಿಂದ ಇಸೆಯ ಕಾಡಿನಲ್ಲೇ ಹಿನೊಕಿ ಬೆಳೆಸುತ್ತಿದ್ದಾರೆ. ದೊಡ್ಡ ಕಂಬಕ್ಕೆ ಬೇಕಾದ ಮರಕ್ಕೆ 200 ವರ್ಷ ಕಾಯಬೇಕು.

ಈಗ ಮೇಲೆ ನೋಡಿ. ಕಣಜದ ಗೋಡೆಯಿಂದ ಹೊರಗೆ ಒಂಟಿಯಾಗಿ ನಿಂತು, ತುಸು ಒಳಕ್ಕೆ ವಾಲಿ, ನೆತ್ತಿಯ ತೊಲೆಯನ್ನು ಮುಟ್ಟುವ ಕಂಬವಿದೆ. ಮುಖ್ಯ ಗುಡಿ ಹೊಸದಾಗಿದ್ದಾಗ ಇಂಥ ಕಂಬಕ್ಕೂ ತೊಲೆಗೂ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಮರ ಒಣಗಿದಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದರ ಮೇಲೊಂದು ಜೋಡಿಸಿದ ಗೋಡೆಹಲಗೆಗಳು ತಗ್ಗುತ್ತವೆ, ಕಂಬ ತಗ್ಗದು. ಹುಲ್ಲಿನ ಭಾರಕ್ಕೆ ಮಾಡು ಇಳಿದು ಸಂದು ಮುಚ್ಚುತ್ತದೆ.

ಹಳೆಯ ಗುಡಿ ಬಿಚ್ಚಿದಾಗ ಈ ಕಂಬಗಳನ್ನು ಕೆತ್ತಿ, ಗುಡಿಗೆ ಹೋಗುವ ದಾರಿಯ ಉಜಿ ಸೇತುವೆಯ ಎರಡು ತುದಿಯ ತೋರಿಗಳಿಗೆ, ಅಂದರೆ ಹೆಬ್ಬಾಗಿಲುಗಳಿಗೆ, ಬಳಸುತ್ತಾರೆ. ಈಗ ಅಲ್ಲಿರುವುದು 1993ರ ಗುಡಿಗಳ ಕಂಬಗಳು. ಅಲ್ಲಿ 20 ವರ್ಷ ನಿಂತ ಮೇಲೆ ಅವು ಹಳೆಯ ಯಾತ್ರಾಮಾರ್ಗದ ಕುವಾನ ಮತ್ತು ಸೆಕಿ ಊರುಗಳಿಗೆ ಹೋಗಿ ತೋರಿಗಳಾಗಿ ಮತ್ತೆ ನಿಲ್ಲುತ್ತವೆ.