ನಾಲ್ಕು ಡಿಗ್ರಿ ಮೊದಲೇ ಹತ್ತುವ ಕಿಡಿ

ಯಮಹಾ ಬ್ಯಾನ್ಶೀ ಅನ್ನೋ ಎಟಿವಿ, ಅಂದರೆ ಮರಳು-ಮಣ್ಣಿನಲ್ಲಿ ಓಡಿಸುವ ನಾಲ್ಕು ಗಾಲಿಯ ಗಾಡಿ, ನಮ್ಮ ರಸ್ತೆಗಳಲ್ಲಿ ಕಾಣಸಿಗುವ ಗಾಡಿಯಲ್ಲ. ಅಮೆರಿಕದಲ್ಲಿ ಅದು 1987ರಿಂದ 2006ರ ತನಕ ಮಾರಾಟದಲ್ಲಿತ್ತು. ಅಲ್ಲಿನ ಮರಳುದಿಬ್ಬಗಳಲ್ಲಿ ಅದಕ್ಕೆ ಇವತ್ತಿಗೂ ಭಕ್ತರಿದ್ದಾರೆ. ಎಂಜಿನ್ನಿನ ಅಳತೆ ಕೇಳಿದರೆ ನಮ್ಮ ಹಳೇ ಬೈಕ್ ಪ್ರಿಯರ ಕಿವಿಯೂ ನೆಟ್ಟಗಾಗುತ್ತದೆ: ಟೂ-ಸ್ಟ್ರೋಕ್, ಎರಡು ಸಿಲಿಂಡರ್, 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, 347 ಸಿಸಿ. ರಾಜದೂತ್ 350ರದ್ದೂ ಇದೇ ಅಳತೆ, ಅಲ್ವಾ? ಅದನ್ನು ಗಾಳಿ ತಣಿಸುತ್ತಿತ್ತು, ಇದನ್ನು ನೀರು ತಣಿಸುತ್ತದೆ. ಮನೆತನ ಒಂದೇ.

ಬ್ಯಾನ್ಶೀ ಇಟ್ಟುಕೊಂಡವರು ಸೈಲೆನ್ಸರ್ ಬದಲಿಸಿದ ಮೇಲೆ ಕೈ ಹಾಕುವುದು ಟೈಮಿಂಗ್‌ಗೆ. ಕಂಪನಿ ಕೊಟ್ಟದ್ದಕ್ಕಿಂತ ನಾಲ್ಕು ಡಿಗ್ರಿ ಮೊದಲೇ ಕಿಡಿ ಹಾರುವಂತೆ ಮಾಡುತ್ತಾರೆ. ‘ಪ್ಲಸ್ ಫೋರ್’ ಅನ್ನುವುದು ಅವರ ನಡುವೆ ಮಂತ್ರದ ಹಾಗೆ. ಇದಕ್ಕೆ ಮೂರು ನಾಲ್ಕು ದಾರಿಗಳಿವೆ. ಯಾವ ದಾರಿ ಹಿಡಿಯಬೇಕು ಅನ್ನುವುದು ದುಡ್ಡಿನ ಲೆಕ್ಕ ಅಂತ ಹೆಚ್ಚಿನವರ ಎಣಿಕೆ. ನನ್ನ ಪ್ರಕಾರ ಅದು ಅಳತೆಯ ಲೆಕ್ಕ. ಎಷ್ಟು ತಿರುಗಿಸಿದಿರಿ ಅಂತ ಅಳೆಯಲು ಬರಬೇಕು, ಬೇಡವೆಂದರೆ ಹಿಂದಕ್ಕೆ ತಿರುಗಿಸಲೂ ಬರಬೇಕು.

ಮೊದಲು, ಕಿಡಿ ಬೇಗ ಯಾಕೆ ಬೇಕು? ಪೆಟ್ರೋಲು-ಗಾಳಿಯ ಮಿಶ್ರಣ ಒಂದೇ ಕ್ಷಣಕ್ಕೆ ಪೂರ್ತಿ ಉರಿಯುವುದಿಲ್ಲ. ಪ್ಲಗ್ಗಿನ ಹತ್ತಿರ ಹೊತ್ತಿದ ಜ್ವಾಲೆ ಸಿಲಿಂಡರಿನ ಗೋಡೆ ಮುಟ್ಟಲು ಸಮಯ ಬೇಕು. ಒಂದು ಗಂಟೆಗೆ ಊಟ ಅಂದರೆ ಒಂದು ಗಂಟೆಗೆ ಅಕ್ಕಿ ಒಲೆ ಮೇಲಿಡುತ್ತೇವೆಯೇ? ಇಲ್ಲೂ ಹಾಗೆಯೇ. ಪಿಸ್ಟನ್ ತನ್ನ ಏರಿಕೆಯ ತುದಿ ಮುಟ್ಟಿ, ಅದರ ಏರಿಳಿತವನ್ನು ಸುತ್ತಾಗಿಸುವ ಕ್ರ್ಯಾಂಕ್ ಮತ್ತೆ ಹತ್ತು-ಹದಿನೈದು ಡಿಗ್ರಿ ತಿರುಗಿದಾಗ ಒತ್ತಡ ಗರಿಷ್ಠ ಆಗಿರಬೇಕು. ಆಗ ತಳ್ಳಿದ ಬಲ ಕ್ರ್ಯಾಂಕನ್ನು ಚೆನ್ನಾಗಿ ತಿರುಗಿಸುತ್ತದೆ. ಅದಕ್ಕಾಗಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಬ್ಯಾನ್ಶೀಗೆ ಕಂಪನಿ ಕೊಟ್ಟ ಲೆಕ್ಕ, ನಿಮಿಷಕ್ಕೆ 1200 ಸುತ್ತಿನಲ್ಲಿ ತುದಿಗಿಂತ 17 ಡಿಗ್ರಿ ಮೊದಲು.

ನಿಮಿಷಕ್ಕೆ 6000 ಸುತ್ತು ಅಂದರೆ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿಬಿಡುತ್ತದೆ. ನಾಲ್ಕು ಡಿಗ್ರಿ ಅಂದರೆ ಸೆಕೆಂಡಿನ ಒಂಬತ್ತು ಸಾವಿರದ ಒಂದು ಪಾಲು. ಇಷ್ಟು ಚಿಕ್ಕ ಸಮಯಕ್ಕೆ ಇಷ್ಟೊಂದು ಚರ್ಚೆ.

ಹಾಗಾದರೆ ವೇಗ ಏರಿದಷ್ಟೂ ಕಿಡಿ ಇನ್ನೂ ಬೇಗ ಬೇಕು ಅನ್ನಿಸುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನುಗಳಲ್ಲಿ ಸುಮಾರಾಗಿ ಹಾಗೆಯೇ ನಡೆಯುತ್ತದೆ. ಟೂ-ಸ್ಟ್ರೋಕ್ ಮಾತ್ರ ಉಲ್ಟಾ. ನಿಧಾನ ಓಟದಲ್ಲಿ ಅದರ ಸಿಲಿಂಡರಿನಲ್ಲಿ ಹಿಂದಿನ ಸಲದ ಹೊಗೆ ಜಾಸ್ತಿ ಉಳಿದಿರುತ್ತದೆ. ಅಂಥ ಮಿಶ್ರಣ ಮೆಲ್ಲಗೆ ಉರಿಯುತ್ತದೆ, ಕಿಡಿ ಬೇಗ ಬೇಕು. ವೇಗ ಏರಿ ಸೈಲೆನ್ಸರ್ ತನ್ನ ಕೆಲಸ ಶುರು ಮಾಡಿತೆಂದರೆ ಸಿಲಿಂಡರ್ ತುಂಬಾ ಹೊಸ ಮಿಶ್ರಣ. ಒಳಗಿನ ಸುಳಿಗಳೂ ಜೋರು. ಉರಿ ಬೇಗ ಮುಗಿಯುತ್ತದೆ. ಆಗ ಕಿಡಿ ತಡವಾದರೂ ನಡೆಯುತ್ತದೆ. ನಡೆಯುವುದೇನು, ತಡವಾಗಲೇಬೇಕು.

ಯಾಕೆಂದರೆ ಟೂ-ಸ್ಟ್ರೋಕಿನ ಹೊಟ್ಟೆ ಉಬ್ಬಿದ ಸೈಲೆನ್ಸರ್ ಸುಮ್ನೆ ಹೊಗೆ ಬಿಡುವ ಕೊಳವೆಯಲ್ಲ. ಹೊಗೆಯ ಜೊತೆ ಒಂದು ಒತ್ತಡದ ಅಲೆ ಅದರೊಳಗೆ ಓಡುತ್ತದೆ. ಮೊದಲು ಅಗಲವಾಗುವ ಭಾಗದಲ್ಲಿ ಆ ಅಲೆ ಸಿಲಿಂಡರಿನಿಂದ ಹೊಗೆಯನ್ನು ಎಳೆಯುತ್ತದೆ. ಆಮೇಲೆ ಕಿರಿದಾಗುವ ಭಾಗಕ್ಕೆ ಬಡಿದು ಹಿಂದಿರುಗುತ್ತದೆ. ಸಿಲಿಂಡರಿನ ಹೊಗೆ ತೂತಿನಿಂದ ಹೊರಗೆ ಜಾರಿದ್ದ ಹೊಸ ಪೆಟ್ರೋಲು ಮಿಶ್ರಣವನ್ನು ಮತ್ತೆ ಒಳಕ್ಕೆ ನೂಕುತ್ತದೆ. ಈ ಅಲೆಗಳ ಆಟವನ್ನು 1950ರ ದಶಕದಲ್ಲಿ ಪಳಗಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಂಪನಿಯ ವಾಲ್ಟರ್ ಕಾಡೆನ್. ಅವರ ರೇಸ್ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಹೋಗಿ ಸುಝುಕಿ ಸೇರಿದರು. ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್ ಆದರು. ವಿದ್ಯೆಯೂ ಅವರ ಜೊತೆ ಜಪಾನಿಗೆ ಹೋಯಿತು. ಅದೇ ಬೇರೆ ದೊಡ್ಡ ಕತೆ, ಇಲ್ಲಿ ಬೇಡ.

ನಮಗೆ ಬೇಕಾದ್ದು ಇಷ್ಟು. ಆ ಅಲೆ ಶಬ್ದದ ವೇಗದಲ್ಲಿ ಓಡುತ್ತದೆ, ಶಬ್ದದ ವೇಗ ಹೊಗೆಯ ಬಿಸಿಯನ್ನು ಅವಲಂಬಿಸಿದೆ. ಕಿಡಿ ತಡವಾದರೆ ಉರಿ ಮುಗಿಯುವುದೂ ತಡ. ಹೊಗೆ ಹೆಚ್ಚು ಬಿಸಿಯಾಗಿಯೇ ಹೊರಬೀಳುತ್ತದೆ. ಕೊಳವೆಯ ಸರಾಸರಿ ಬಿಸಿ 400 ಡಿಗ್ರಿ ಸೆಲ್ಸಿಯಸ್ಸಿನಿಂದ 450ಕ್ಕೆ ಏರಿತು ಅಂತಿಟ್ಟುಕೊಳ್ಳಿ. ಅಲೆಯ ವೇಗ ಶೇ 3.6ರಷ್ಟು ಜಾಸ್ತಿಯಾಗುತ್ತದೆ. 8500 ಸುತ್ತಿಗೆ ಹೊಂದಿಸಿದ ಸೈಲೆನ್ಸರ್ ಆಗ 8800ರಲ್ಲೂ ಸಾಥ್ ಕೊಡುತ್ತದೆ. ಕಿಡಿ ಬೇಗ ಹಾರಿಸಿದರೆ ಇದರ ಉಲ್ಟಾ. ಬಿಸಿ ಸಿಲಿಂಡರಿನಲ್ಲೇ ಉಳಿದು, ಪಿಸ್ಟನ್ನಿಗೆ ಏರಿ, ಕೊಳವೆ ತಣ್ಣಗಾಗುತ್ತದೆ. ಕೆಳಗಿನ ಮತ್ತು ನಡುವಿನ ವೇಗದಲ್ಲಿ ಎಳೆತ ಹೆಚ್ಚುತ್ತದೆ, ಮೇಲಿನ ತುದಿಯಲ್ಲಿ ಗಾಡಿ ಬೇಗ ಸುಸ್ತಾಗುತ್ತದೆ. ಪ್ಲಸ್ ಫೋರ್ ಹಾಕಿದವರು ‘ಥ್ರಾಟಲ್ ಕೊಟ್ಟ ತಕ್ಷಣ ಎಗರುತ್ತದೆ’ ಅನ್ನುವುದು ಇದಕ್ಕೇ. ತುದಿಯಲ್ಲಿ ಕಳೆದುಕೊಂಡದ್ದರ ಬಗ್ಗೆ ಮಾತು ಕಡಿಮೆ.

ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಸಿಡಿಐ ಅನ್ನುತ್ತಾರೆ. ಬ್ಯಾನ್ಶೀಯ ಸಿಡಿಐ ಈ ಏರಿಳಿತವನ್ನು ತಾನೇ ನೋಡಿಕೊಳ್ಳುತ್ತದೆ. ವೇಗ ಏರುತ್ತ ಹೋದಂತೆ ಕಿಡಿಯನ್ನು ಮೊದಲು ಮುಂದಕ್ಕೆ ತಂದು, ಆಮೇಲೆ ಹಿಂದಕ್ಕೆ ಎಳೆಯುತ್ತದೆ. ಕಾಗದದ ಮೇಲೆ ಬರೆದರೆ ಅದೊಂದು ಗುಡ್ಡದಂಥ ರೇಖೆ. ಟೈಮಿಂಗ್ ಕಾಯಿಲ್ ಕೂತಿರುವ ಪ್ಲೇಟ್ ತಿರುಗಿಸಿ ನಾಲ್ಕು ಡಿಗ್ರಿ ಸೇರಿಸಿದರೆ ಇಡೀ ಗುಡ್ಡ ನಾಲ್ಕು ಡಿಗ್ರಿ ಮೇಲಕ್ಕೆ ಏರುತ್ತದೆ. ಬೇಕಾದ ಜಾಗದಲ್ಲೂ ಏರುತ್ತದೆ, ಬೇಡದ ಜಾಗದಲ್ಲೂ ಏರುತ್ತದೆ. ಕಿಕ್ ಹೊಡೆಯುವಾಗಲೂ ಏರಿರುತ್ತದೆ. ಅದಕ್ಕೇ ಹೆಚ್ಚು ಅಡ್ವಾನ್ಸ್ ಮಾಡಿದ, ಅಂದರೆ ಕಿಡಿ ತೀರಾ ಬೇಗ ಹಾರುವ ಗಾಡಿಯ ಕಿಕ್ಕರ್ ವಾಪಸ್ ಹೊಡೆದು ಪಾದ ನೋಯಿಸುತ್ತದೆ.

ಈಗ ದಾರಿಗಳಿಗೆ ಬರೋಣ. ಕ್ರ್ಯಾಂಕಿನ ತುದಿಯಲ್ಲಿ ಮ್ಯಾಗ್ನೆಟ್ ತಿರುಗುತ್ತದೆ. ಅದರ ಹಿಂದೆ ಕಾಯಿಲ್ ಪ್ಲೇಟ್ ಕದಲದೆ ಕೂತಿರುತ್ತದೆ. ಮ್ಯಾಗ್ನೆಟ್ಟಿನ ಗುರುತು ಪಿಕಪ್ ಕಾಯಿಲನ್ನು ದಾಟಿದಾಗ ಸಿಡಿಐಗೆ ಸುದ್ದಿ ಹೋಗುತ್ತದೆ. ಆ ಭೇಟಿಯನ್ನು ಬೇಗ ಮಾಡಿಸಬೇಕು, ಕೆಲಸ ಅಷ್ಟೇ. ಪ್ಲೇಟನ್ನು ಕ್ರ್ಯಾಂಕ್ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಬಹುದು. ಇಲ್ಲವೇ ಮ್ಯಾಗ್ನೆಟ್ಟನ್ನು ಕ್ರ್ಯಾಂಕ್ ತಿರುಗುವ ದಿಕ್ಕಿಗೇ ಸ್ವಲ್ಪ ಮುಂದೆ ಕೂರಿಸಬಹುದು.

ಮ್ಯಾಗ್ನೆಟ್ ಮುಂದೆ ಕೂರಿಸಲು ಮೆಟ್ಟಿಲು ಇರುವ ಅರ್ಧಚಂದ್ರ ಕೀ ಸಿಗುತ್ತದೆ. ಶಾಫ್ಟಿಗೂ ಮ್ಯಾಗ್ನೆಟ್ಟಿಗೂ ನಡುವಿನ ಸೀಳಿನಲ್ಲಿ ಕೂರುವ ಪುಟ್ಟ ಲೋಹದ ತುಂಡು ಅದು. ಅಗ್ಗ, ಹಾಕಲೂ ಸುಲಭ. ಆದರೆ ಲೆಕ್ಕ ನೋಡಿ. ಕೀ ಕೂರುವ ಜಾಗದಲ್ಲಿ ಶಾಫ್ಟ್ 20 ಮಿ.ಮೀ. ದಪ್ಪ ಇದ್ದರೆ, ನಾಲ್ಕು ಡಿಗ್ರಿಗೆ ಬೇಕಾದ ಮೆಟ್ಟಿಲು 0.7 ಮಿ.ಮೀ. ಮಾತ್ರ. ಆ ಕೀ ತಯಾರಿಸುವಾಗ 0.1 ಮಿ.ಮೀ. ಹೆಚ್ಚುಕಮ್ಮಿ ಆದರೆ ಅರ್ಧ ಡಿಗ್ರಿಗಿಂತ ಜಾಸ್ತಿ ತಪ್ಪು. ಜೊತೆಗೆ ಒಮ್ಮೆ ಹಾಕಿದರೆ ನಾಲ್ಕು ಅಂದರೆ ನಾಲ್ಕೇ. ಎರಡು ಬೇಕೆಂದರೆ ಬೇರೆ ಕೀ ತರಬೇಕು. ಇನ್ನೊಂದು ಮಾತು. ಮ್ಯಾಗ್ನೆಟ್ಟನ್ನು ಗಟ್ಟಿಯಾಗಿ ಹಿಡಿದಿರುವುದು ಕೀ ಅಲ್ಲ, ಟೇಪರಿನ (ಶಾಫ್ಟಿನ ಚೂಪಾಗುತ್ತ ಹೋಗುವ ತುದಿಯ) ಬಿಗಿತ. ಕೀ ಜಾಗ ತೋರಿಸುವುದಕ್ಕಷ್ಟೇ. ಟೇಪರಿನಲ್ಲಿ ಎಣ್ಣೆ, ಕಸ ಇದ್ದು ನಟ್ ಸಡಿಲವಾದರೆ ಎಂಥ ಕೀಯೂ ಕತ್ತರಿಸಿ ಹೋಗುತ್ತದೆ. ಪ್ಲೇಟ್ ತಿರುಗಿಸಲು ಬಾರದ ಎಂಜಿನ್ನುಗಳಿಗೆ ಕೀ ಸರಿ. ತಿರುಗಿಸಲು ಬರುವಂತಿದ್ದರೆ ಬೇಡ.

ಪ್ಲೇಟಿನ ಲೆಕ್ಕ ಬೇರೆ. ಅದರ ಸ್ಕ್ರೂ ತೂತುಗಳು ನಡುವಿನಿಂದ 40 ಮಿ.ಮೀ. ದೂರ ಇದ್ದರೆ ನಾಲ್ಕು ಡಿಗ್ರಿಗೆ 2.8 ಮಿ.ಮೀ. ಸರಿಸಬೇಕು. ಅಲ್ಲಿ 0.1 ಮಿ.ಮೀ. ತಪ್ಪಿದರೂ ಡಿಗ್ರಿಯ ಏಳನೇ ಒಂದು ಪಾಲು ಅಷ್ಟೇ. ದೂರ ಹೆಚ್ಚಿದಷ್ಟೂ ತಪ್ಪು ಚಿಕ್ಕದಾಗುತ್ತದೆ. ಅದಕ್ಕೇ ಇದೇ ದಾರಿ ನನಗೆ ಇಷ್ಟ. ಕಂಪನಿ ಪ್ಲೇಟಿನ ತೂತುಗಳನ್ನೇ ಅರದಿಂದ ಉಜ್ಜಿ ಉದ್ದ ಮಾಡುವವರಿದ್ದಾರೆ. ಖರ್ಚಿಲ್ಲ, ತಾಳ್ಮೆ ಬೇಕು. ತೂತು ಅಡ್ಡಕ್ಕೆ ಹಿಗ್ಗಿದರೆ ಪ್ಲೇಟ್ ನಡುವಿನಿಂದ ಸರಿದು ಮ್ಯಾಗ್ನೆಟ್ಟಿಗೆ ತಾಗಬಹುದು. ಡಿಗ್ರಿ ಗುರುತು ಕೊರೆದ ರೆಡಿಮೇಡ್ ಪ್ಲೇಟ್ ಕೊಂಡರೆ ಆ ತಲೆನೋವಿಲ್ಲ. ಎರಡು ಬೇಕೆಂದರೆ ಎರಡು, ಐದು ಬೇಕೆಂದರೆ ಐದು.

ಬೇಕಾದ ಹಾಗೆ ರೇಖೆ ಬರೆದುಕೊಳ್ಳಬಹುದಾದ ಸಿಡಿಐ ಕೊನೆಯದು, ಎಲ್ಲಕ್ಕಿಂತ ದುಬಾರಿ. ನಡುವಿನ ವೇಗದಲ್ಲಿ ಆರು ಡಿಗ್ರಿ ಸೇರಿಸಿ, ಮೇಲಿನ ತುದಿಯನ್ನು ಹಾಗೇ ಬಿಡಲು ಇದೊಂದರಿಂದಲೇ ಸಾಧ್ಯ. ಸಿಲಿಂಡರಿನಲ್ಲಿ ಮಿಶ್ರಣ, ಹೊಗೆ ಓಡಾಡುವ ತೂತುಗಳನ್ನು ಕೆತ್ತಿಸಿ, ಬೇರೆ ಸೈಲೆನ್ಸರ್ ಹಾಕಿ, ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಮೇಲೆ ಗಾಡಿ ಓಡಿಸಿ ನೋಡುವವರಿಗೆ ಅದು ನ್ಯಾಯ. ಡೈನೋ ಇಲ್ಲದೆ ಅಂದಾಜಿನ ಮೇಲೆ ರೇಖೆ ಬರೆಯುವುದಾದರೆ ಆ ದುಡ್ಡು ದಂಡ.

ಯಾವ ದಾರಿಯಾದರೂ ಪಿಸ್ಟನ್ ತುದಿ ಎಲ್ಲಿದೆ ಅಂತ ಮೊದಲು ಸರಿಯಾಗಿ ಗೊತ್ತಿರಬೇಕು. ಇದು ಕಣ್ಣಳತೆಗೆ ಸಿಗುವುದಿಲ್ಲ. ತುದಿಯ ಹತ್ತಿರ ಪಿಸ್ಟನ್ ಬಹುತೇಕ ನಿಂತೇ ಇರುತ್ತದೆ. ಬ್ಯಾನ್ಶೀಯ ಕನೆಕ್ಟಿಂಗ್ ರಾಡ್ 110 ಮಿ.ಮೀ. ಉದ್ದ. ಕ್ರ್ಯಾಂಕ್ ಐದು ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು 0.13 ಮಿ.ಮೀ. ಮಾತ್ರ! ಅದಕ್ಕೆ ಪ್ಲಗ್ ತೂತಿನಲ್ಲಿ ಪಿಸ್ಟನ್ನಿಗೆ ಅಡ್ಡವಾಗಿ ಒಂದು ಬೋಲ್ಟ್ ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲಿ ಎರಡೂ ಕಡೆಯಿಂದ ತಿರುಗಿಸಿ, ತಗಲಿದ ಎರಡು ಗುರುತುಗಳ ನಡುವಿನ ಬಿಂದು ಹಿಡಿಯುತ್ತಾರೆ. ಅದೇ ನಿಜವಾದ ತುದಿ. ಅಲ್ಲಿಂದ ಕೆಳಗೆ ಪಿಸ್ಟನ್ ಎಷ್ಟು ಇಳಿಯಿತು ಅಂತ ಅಳೆಯಲು ಡಯಲ್ ಗೇಜ್ ಕೆಲಸಕ್ಕೆ ಬರುತ್ತದೆ. 17 ಡಿಗ್ರಿ ಅಂದರೆ ಸುಮಾರು 1.46 ಮಿ.ಮೀ., 21 ಡಿಗ್ರಿ ಅಂದರೆ 2.22 ಮಿ.ಮೀ. ಮೈಸೂರಿನ ಜಾವಾ-ಯೆಜ್ಡಿ ಮತ್ತು ರಾಜದೂತ್ ಕಾಲದ ಮೆಕ್ಯಾನಿಕ್ಕುಗಳು ಕಿಡಿಯ ಸಮಯ ಹೊಂದಿಸುವ ಪಾಯಿಂಟ್ ಸೆಟ್ ಮಾಡುವಾಗ ಮಿಲಿಮೀಟರ್ ಲೆಕ್ಕದಲ್ಲೇ ಮಾತಾಡುತ್ತಿದ್ದದ್ದು ಇದಕ್ಕೇ.

ಆದರೆ ಎಂಜಿನ್ ನಿಂತಿರುವಾಗ ಅಳೆದದ್ದೇ ಓಡುವಾಗಲೂ ಇರುತ್ತದೆ ಅನ್ನುವಂತಿಲ್ಲ. ಎಲೆಕ್ಟ್ರಾನಿಕ್ಸಿಗೆ ತನ್ನದೇ ತಡ ಇರುತ್ತದೆ. ಸುದ್ದಿ ಬಂದು ಕಿಡಿ ಹಾರುವ ನಡುವೆ 30 ಮೈಕ್ರೋಸೆಕೆಂಡ್ ಹೋಯಿತು ಅಂದುಕೊಳ್ಳಿ. 9000 ಸುತ್ತಿನಲ್ಲಿ ಅಷ್ಟಕ್ಕೇ ಒಂದೂವರೆ ಡಿಗ್ರಿ ಕಳೆದಿರುತ್ತದೆ. ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು, ಎಂಜಿನ್ ಓಡುತ್ತಿರುವಾಗ ಗುರುತು ಎಲ್ಲಿ ನಿಂತಂತೆ ಕಾಣುತ್ತದೆ ಅಂತ ನೋಡಲೇಬೇಕು. ಪ್ಲೇಟ್ ಮುಟ್ಟುವ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಹಳೇ ಗಾಡಿಯಲ್ಲಿ ಹಿಂದಿನ ಮಾಲೀಕರು ಆಗಲೇ ನಾಲ್ಕು ಡಿಗ್ರಿ ಸರಿಸಿದ್ದರೆ ನಿಮ್ಮ ನಾಲ್ಕು ಸೇರಿ ಎಂಟಾಗುತ್ತದೆ.

ಎಂಟಾದರೆ ಏನಾಗುತ್ತದೆ? ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ, ಬಿಸಿ ತಾಳಲಾರದೆ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ನಿನ ಮೈಗೆ ಅಂಟಿಕೊಂಡು ಅದನ್ನು ಕಾಯುವ ತೆಳು ಅನಿಲದ ಪದರವನ್ನು ಆ ಸಿಡಿತದ ಅಲೆಗಳು ಕಿತ್ತುಹಾಕುತ್ತವೆ. ಬಿಸಿ ನೇರ ಲೋಹಕ್ಕೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಎಷ್ಟೋ ಮೊದಲೇ. ಟೂ-ಸ್ಟ್ರೋಕಿನ ಗಲಾಟೆಯಲ್ಲಿ ನಾಕಿಂಗ್ ಶಬ್ದ ಕೇಳುವುದು ಕಷ್ಟ, ಹೆಲ್ಮೆಟ್ ಬೇರೆ ಇರುತ್ತದೆ. ಆದ್ದರಿಂದ ಜೋರಾಗಿ ಓಡಿಸಿ, ಥ್ರಾಟಲ್ ಬಿಡದೆಯೇ ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಬೇಕು. ಬಿಳಿ ಪಿಂಗಾಣಿಯ ಮೇಲೆ ಕಪ್ಪು ಚುಕ್ಕೆಗಳೋ ಹೊಳೆಯುವ ಬೆಳ್ಳಿ ಕಣಗಳೋ ಕಂಡರೆ ಪಿಸ್ಟನ್ ಉದುರಲು ಶುರುವಾಗಿದೆ ಅಂತ ಅರ್ಥ.

ನಾಕಿಂಗ್ ತಡೆಯುವ ಶಕ್ತಿಯ ಅಂಕಿಯಾದ ಪೆಟ್ರೋಲಿನ ಆಕ್ಟೇನ್ ನೋಡುವಾಗ ಒಂದು ಎಚ್ಚರ. ಅಮೆರಿಕದ ಪಂಪಿನಲ್ಲಿ ಬರೆದ 91 ಎರಡು ಪರೀಕ್ಷೆಗಳ ಸರಾಸರಿ. ನಮ್ಮ ದೇಶದ್ದು ಒಂದೇ ಪರೀಕ್ಷೆಯ ಅಂಕಿ. ಅವರ 91 ನಮ್ಮ ಲೆಕ್ಕದಲ್ಲಿ 95-96ಕ್ಕೆ ಸಮ. ಅಲ್ಲಿನ 91ರ ಸಲಹೆಯನ್ನು ಇಲ್ಲಿನ 91ಕ್ಕೆ ಅನ್ವಯಿಸಿ ರಾಜದೂತ್ 350ರಂಥ ಹಳೇ ಯಮಹಾ ಆರ್‌ಡಿ ತಳಿಯ ಎಂಜಿನ್ನಿನ ಮೇಲೆ ಪ್ರಯೋಗ ಮಾಡಬಾರದು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಯೂಟಾ ರಾಜ್ಯದ ಲಿಟಲ್ ಸಹಾರಾ ಮರಳುದಿಬ್ಬಗಳು ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಮೇಲಿವೆ. ಗಾಳಿ ತೆಳು, ಸಿಲಿಂಡರಿನ ಒತ್ತಡವೂ ಕಡಿಮೆ. ಅಲ್ಲಿ ಆರು ಡಿಗ್ರಿ ಸೇರಿಸಿದರೂ ಎಂಜಿನ್ ತಾಳಿಕೊಂಡೀತು. ಅದೇ ಗಾಡಿಯನ್ನು ಟ್ರೇಲರಿಗೆ ಹೇರಿಕೊಂಡು, ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇರುವ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ದಿಬ್ಬಗಳಿಗೆ ಹೋದರೆ ಕಾರ್ಬುರೇಟರಿಗೆ ಪೆಟ್ರೋಲು ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಬೇಕು, ಪ್ಲೇಟನ್ನು ಎರಡೋ ಮೂರೋ ಡಿಗ್ರಿ ಹಿಂದಕ್ಕೆ ತಿರುಗಿಸಬೇಕು. ಕೀ ಹಾಕಿದವರು ಆಗ ಮ್ಯಾಗ್ನೆಟ್ ಕಳಚುವ ಪುಲ್ಲರ್ ಜೊತೆಗೆ ಹಳೇ ಕೀಯನ್ನೂ ಟೂಲ್ ಪೆಟ್ಟಿಗೆಯಲ್ಲಿ ತಂದಿರಬೇಕು.